ಮಣ್ಣೆಯ ಹೊಲದಲ್ಲಿ ಒಂದು ಮಹಾಶಂಖ

ನೆಲಮಂಗಲ ತಾಲ್ಲೂಕಿನ ಮಣ್ಣೆಯ ಸುತ್ತ ರಾಗಿ ಹೊಲಕ್ಕೆ ಈಗಲೂ ಅಕ್ಕಡಿ ಸಾಲು ಹಾಕುತ್ತಾರೆ. ರಾಗಿಯ ನಡುನಡುವೆ ಅವರೆಯ ಒಂದೊಂದು ಸಾಲು. ಕಾರ್ತಿಕ ಮುಗಿಯುವ ಹೊತ್ತಿಗೆ ರಾಗಿ ತೆನೆ ಕಂದು ಬಣ್ಣಕ್ಕೆ ತಿರುಗಿ ಬಾಗಿರುತ್ತದೆ, ಅವರೆ ಹೂವಿಗೆ ಬಂದಿರುತ್ತದೆ. ಕೆರೆ ಕಡೆಯ ಬದುವಿನಿಂದ ಶುರುವಾಗುವ ಒಂದು ಸಾಲಿನಲ್ಲಿ ಅರವತ್ತನಾಲ್ಕು ಗಿಡಗಳಿವೆ. ಈ ಟಿಪ್ಪಣಿ ಆ ಸಾಲಿನದು; ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ನೆಲೆಸಿರುವ ಒಂದು ಸಂಖ್ಯೆಯದು.

ನೋಟ್‌ಬುಕ್ಕಿನಲ್ಲಿ ಒಂದು ಬೆಳಗಿಗೆ ಒಂದು ಗೆರೆ. ಅಂದು ಹೊಸ ಹೂ ಬಿರಿದ ಗಿಡಕ್ಕೆ 1, ಬಿರಿಯದ ಗಿಡಕ್ಕೆ 0. ಅವರೆಯ ಹೂಗೊಂಚಲು ಬುಡದಿಂದ ತುದಿಯ ಕಡೆಗೆ ಅರಳುತ್ತ ಹೋಗುತ್ತದೆ. ನಿನ್ನೆಯ ಹೂವು ಬಾಡಿ ಬಣ್ಣಗೆಟ್ಟಿದ್ದರೆ ಇಂದಿನದು ಅದರ ಮೇಲಿನ ಗೆಣ್ಣಿನಲ್ಲಿರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಲು ಮಂಡಿಯೂರಿ ಕೂರಬೇಕು. ಬಿಸಿಲೇರಿದ ಮೇಲೆ ದೊಡ್ಡ ಕರಿದುಂಬಿಗಳು ಬರುತ್ತವೆ. ದುಂಬಿ ಕೂತ ಭಾರಕ್ಕೆ ಹೂವಿನ ಕೆಳದಳ ಜಗ್ಗುತ್ತದೆ, ಒಳಗಿದ್ದ ಕೇಸರ ಹೊರಚಾಚಿ ಅದರ ಮೈಗೆ ಪರಾಗ ಸವರುತ್ತದೆ. ನಾನು ಬೆರಳು ತೋರಿಸಿ ಎಣಿಸುವುದನ್ನು ಕಂಡು ಹೊಲದ ಅಜ್ಜಿಯೊಬ್ಬರು ಕೂಗಿ ಹೇಳಿದ್ದರು: "ಬೆಟ್ಟು ಮಾಡ್ಬ್ಯಾಡ ಕಣಪ್ಪಾ, ಪೀಚು ಉದುರೋಯ್ತದೆ!" ಅಂದಿನಿಂದ ರಾಗಿ ಕಡ್ಡಿಯೊಂದನ್ನು ಹಿಡಿದು ಎಣಿಸುತ್ತೇನೆ.

ಒಂದು ಗಿಡ ಎಂದರೆ ಎರಡು ಸ್ಥಿತಿ: ಹೂ ಇದೆ, ಇಲ್ಲ. ಎರಡು ಗಿಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಪ್ರತಿ ಗಿಡವೂ ಹಿಂದಿನ ಎಣಿಕೆಯನ್ನು ದುಪ್ಪಟ್ಟು ಮಾಡುತ್ತದೆ. ಹತ್ತನೆಯ ಗಿಡಕ್ಕೆ 1024, ಇಪ್ಪತ್ತನೆಯದಕ್ಕೆ ಹತ್ತು ಲಕ್ಷ ದಾಟುತ್ತದೆ. ಸಾಲಿನ ಕೊನೆ ಮುಟ್ಟುವಾಗ 18446744073709551616. ಇದರಲ್ಲಿ ಒಂದೇ ಒಂದು ಸ್ಥಿತಿ ಬೋಳು ಬೆಳಗು, ಎಲ್ಲೂ ಹೂವಿಲ್ಲದ್ದು. ಅದನ್ನು ಕಳೆದರೆ ಉಳಿಯುವುದು 18446744073709551615. ನಾನು ಹಿಂಬಾಲಿಸುತ್ತಿರುವ ಸಂಖ್ಯೆ ಇದು.

ಇದಕ್ಕೆ ಆ ಸಾಲಿನಲ್ಲಿ ಇನ್ನೊಂದು ರೂಪವೂ ಇದೆ. 1 ಮತ್ತು 0 ಎರಡೇ ಅಂಕಗಳಿಂದ ಸಂಖ್ಯೆ ಬರೆಯುವ ದ್ವಿಮಾನ ಪದ್ಧತಿಯಲ್ಲಿ ನನ್ನ ಗೆರೆಗಳನ್ನು ಓದಿದರೆ ಪ್ರತಿ ಬೆಳಗೂ ಒಂದು ಸಂಖ್ಯೆ. ಅರವತ್ತನಾಲ್ಕೂ ಗಿಡ ಒಟ್ಟಿಗೆ ಹೂ ಬಿಟ್ಟ ಬೆಳಗನ್ನು ಬರೆದರೆ ಅರವತ್ತನಾಲ್ಕು ಒಂದುಗಳು ಸಾಲಾಗಿ ನಿಲ್ಲುತ್ತವೆ. ಅದರ ಬೆಲೆಯೂ ಇದೇ 18446744073709551615. ಹೂವಿರುವ ಎಲ್ಲ ಬೆಳಗುಗಳ ಎಣಿಕೆಯೂ ಅದೇ, ತುಂಬು ಹೂವಿನ ಬೆಳಗಿನ ಹೆಸರೂ ಅದೇ. ಇಂದಿನ ಕಂಪ್ಯೂಟರು 64 ಬಿಟ್‌ಗಳ ಒಂದು ಮನೆಯಲ್ಲಿ ಬರೆದಿಡಬಲ್ಲ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ. ಸೆಕೆಂಡಿಗೊಂದರಂತೆ ಸಾಲು ತನ್ನ ಸ್ಥಿತಿ ಬದಲಿಸುತ್ತ ಹೋದರೂ ಎಲ್ಲವೂ ಮುಗಿಯಲು 58 ಸಾವಿರ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಇಷ್ಟು ದೊಡ್ಡದನ್ನು ರಾಶಿಯಾಗಿ ಕಾಣಬಹುದೇ? ಪಕ್ಕದಲ್ಲೇ ರಾಗಿಯಿದೆ, ನೋಡೋಣ.

ಮಾಗಿದ ತೆನೆಯೊಂದನ್ನು ಅಂಗೈಯಲ್ಲಿಟ್ಟು ನಿಧಾನವಾಗಿ ಬಿಡಿಸಿದರೆ ಅದರ ಕಟ್ಟಡ ತಿಳಿಯುತ್ತದೆ. ಕಡ್ಡಿಯ ತುದಿಯಲ್ಲಿ ಬೆರಳುಗಳಂತೆ ಇಲುಕುಗಳು, ತುದಿ ಒಳಮುಖವಾಗಿ ಮಡಚಿಕೊಂಡಿವೆ. ಪ್ರತಿ ಇಲುಕಿನ ಬೆನ್ನಿಗೆ ಎರಡು ಸಾಲಾಗಿ ಪುಟ್ಟ ಪುಟ್ಟ ಗೂಡುಗಳು, ಒಂದೊಂದು ಗೂಡಿನಲ್ಲಿ ಕೆಲವು ಕಾಳು. ಉಜ್ಜಿ ಊದಿದರೆ ಹೊಟ್ಟು ಹಾರಿ ಕೆಂಗಂದು ಕಾಳು ಅಂಗೈಯಲ್ಲಿ ಉರುಳುತ್ತದೆ. ಒಳ್ಳೆಯ ತೆನೆಯಲ್ಲಿ ಕಾಳು ಸಾವಿರ ದಾಟುತ್ತವೆ. ಒಂದು ಬುಡದಿಂದ ತೆಂಡೆ ಒಡೆದು ಹಲವು ತೆನೆ ಬರುವುದೂ ಉಂಟು. ಲೆಕ್ಕಕ್ಕೆ ಒಂದು ಕಾಳಿಗೆ ಸಾವಿರ ಎಂದೇ ಹಿಡಿಯೋಣ. ಆ ಸಾವಿರವನ್ನೂ ಬಿತ್ತಿದರೆ ಎರಡನೆಯ ಫಸಲಿಗೆ ಹತ್ತು ಲಕ್ಷ, ಮೂರನೆಯದಕ್ಕೆ ನೂರು ಕೋಟಿ. ಆರನೆಯ ಫಸಲಿನಲ್ಲಿ ಒಂದರ ಮುಂದೆ ಹದಿನೆಂಟು ಸೊನ್ನೆ. ಏಳನೆಯದು ನಮ್ಮ ಸಂಖ್ಯೆಯನ್ನು ದಾಟಿ ಮುಂದೆ ಹೋಗುತ್ತದೆ.

ಆದರೆ ಅದು ಎಂದೂ ನಡೆಯುವುದಿಲ್ಲ. ಸಾವಿರ ಕಾಳು ಎರಡೂವರೆಯಿಂದ ಮೂರು ಗ್ರಾಂ ತೂಗುತ್ತವೆ. ಹಾಗೆ ಲೆಕ್ಕ ಹಾಕಿದರೆ ನಮ್ಮ ಸಂಖ್ಯೆಯಷ್ಟು ಕಾಳಿನ ರಾಶಿಯ ತೂಕ ಸುಮಾರು 5,000 ಕೋಟಿ ಟನ್. ದೇಶದ ಇಡೀ ವರ್ಷದ ರಾಗಿ ಹೆಚ್ಚೆಂದರೆ 20 ಲಕ್ಷ ಟನ್ನಿನ ಆಸುಪಾಸು. ಹಾಗಾದರೆ ಅಷ್ಟು ಬೆಳೆಯಲು ಇಪ್ಪತ್ತೈದು ಸಾವಿರ ವರ್ಷ ಬೇಕು. ಅದಕ್ಕೂ ಮೊದಲೇ ಹೊಲ ಮುಗಿಯುತ್ತದೆ, ಮಳೆ ಕೈಕೊಡುತ್ತದೆ, ಇಲುಕಿಗೆ ಬೆಂಕಿ ರೋಗ ತಗಲುತ್ತದೆ, ರಾಟವಾಳದ ಹಿಂಡು ಇಳಿಯುತ್ತದೆ, ಇರುವೆ ಹೊರುತ್ತದೆ, ನಾವು ಮುದ್ದೆ ಮಾಡಿ ಉಣ್ಣುತ್ತೇವೆ. ನಿಸರ್ಗದಲ್ಲಿ ದುಪ್ಪಟ್ಟಾಗುವ ಪ್ರತಿಯೊಂದೂ ಕೆಲವೇ ಹೆಜ್ಜೆಗೆ ತಡೆ ಕಾಣುತ್ತದೆ. ರಾಶಿಯಾಗಿ ಈ ಸಂಖ್ಯೆ ಈ ಹೊಲಕ್ಕೆ ಬರುವುದಿಲ್ಲ. ರಾಗಿಯ ಪಕ್ಕದ ಅವರೆ ಸಾಲಿನಲ್ಲಾದರೆ, ಆಯ್ಕೆಯಾಗಿ, ಯಾವ ಭಾರವೂ ಇಲ್ಲದೆ ಅದು ಆಗಲೇ ಬಂದು ನೆಲೆಸಿದೆ. ದೊಡ್ಡ ಸಂಖ್ಯೆ ಎಂದೊಡನೆ ರಾಶಿಯನ್ನು ಕಲ್ಪಿಸಿಕೊಳ್ಳುವ ನಮ್ಮ ಅಭ್ಯಾಸ ಅದರ ನಿಜವಾದ ಆವಾಸವನ್ನೇ ಮರೆಸುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಕಾರ್ಡ್ ಹೂಡಿದ ಮಗ್ಗದಲ್ಲಿ ಕಾರ್ಡಿನ ಮೇಲೆ ತೂತಿದ್ದರೆ ಆ ಕೊಕ್ಕೆಯ ಹಾಸಿನೆಳೆ ಏಳುತ್ತದೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತದೆ. ಅರವತ್ತನಾಲ್ಕು ಕೊಕ್ಕೆಯಿದ್ದರೆ ಸಾಕು, ಹೊಕ್ಕಿನ ಒಂದೇ ಹೊಡೆತಕ್ಕೆ ಇಷ್ಟೇ ಆಯ್ಕೆಗಳು. ಸೀರೆ ನೇಯುವ ಜಕಾರ್ಡಿನಲ್ಲಿ ನೂರಾರು ಕೊಕ್ಕೆಗಳಿರುತ್ತವೆ.

ಇನ್ನು ಈ ಸಂಖ್ಯೆಯನ್ನು ಹಿಂದೆಯೇ ಹೀಗೆ ಆಯ್ಕೆಯಾಗಿ ಕಂಡವರ ವಿಷಯ. ಅವರು ನಮ್ಮ ನೆಲಕ್ಕೆ ದೂರದವರಲ್ಲ. ಗಂಗರ ಶ್ರೀಪುರುಷ 8ನೆಯ ಶತಮಾನದಲ್ಲಿ ರಾಜಧಾನಿ ಮಾಡಿಕೊಂಡಿದ್ದ ಮಾನ್ಯಪುರ ಇದೇ ಮಣ್ಣೆ. ಆ ಶತಮಾನದ ಕೊನೆಯಲ್ಲಿ ಸೇನಾಪತಿ ಶ್ರೀವಿಜಯ ಇಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಮಣ್ಣೆಯ ತಾಮ್ರಶಾಸನ ಹೇಳುತ್ತದೆ. ಎರಡು ಶತಮಾನದ ಮೇಲೆ ಅದೇ ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಅವನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಪ್ರಾಕೃತದಲ್ಲಿ ಬರೆದ ಗೊಮ್ಮಟಸಾರದಲ್ಲಿ ಈ ಸಂಖ್ಯೆ ಅಂಕ ಅಂಕವಾಗಿ ಬರುತ್ತದೆ. ಅಲ್ಲಿ ಗಿಡಗಳ ಬದಲು ಅಕ್ಷರಗಳು. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಸೇರಿ 27, ವ್ಯಂಜನ 33, ಯೋಗವಾಹ 4. ಒಟ್ಟು 64. ಒಂದನ್ನೇ ಆಗಲಿ, ಕೆಲವನ್ನಾಗಲಿ, ಎಲ್ಲವನ್ನಾಗಲಿ ಕೂಡಿಸಿದರೆ ಹುಟ್ಟುವ ಸಂಯೋಗಗಳೇ ಶ್ರುತಜ್ಞಾನದ, ಎಂದರೆ ಜೈನ ಆಗಮಜ್ಞಾನದ, ಅಕ್ಷರಗಳು. ಏನನ್ನೂ ಆಯದ ಒಂದು ಸ್ಥಿತಿಯನ್ನು ಅವರೂ ಕಳೆದಿದ್ದಾರೆ. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದ. ಮುಂದಿನ ಸಂಸ್ಕೃತ ಟೀಕೆ ನಿಂತಿರುವುದು ಅದರ ಮೇಲೆ. ಕನ್ನಡದಲ್ಲಿ ಗಣಿತ ಬರೆಯುವುದು ಕಷ್ಟ ಎನ್ನುವವರು ಈ ಇಸವಿಯನ್ನು ನೆನಪಿಡಬೇಕು.

ಜೈನ ಪರಂಪರೆ ಇದನ್ನು ಹೇಳುವ ಕ್ರಮ ಹೀಗೆ: ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಾಕೋಟಿ, ನಲವತ್ತನಾಲ್ಕು ಲಕ್ಷ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷ ಐವತ್ತೊಂದು ಸಾವಿರದ ಆರುನೂರ ಹದಿನೈದು. ಗಟ್ಟಿಯಾಗಿ ಹೇಳಿ ನೋಡಿ, ಒಂದೇ ಉಸಿರಿಗೆ ಮುಗಿಯುವುದು ಕಷ್ಟ. ಗಣಿತಜ್ಞ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಸ್ಥಾನಪಟ್ಟಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಮನೆಗಳದ್ದು. ಅದರಲ್ಲಿ ಇಪ್ಪತ್ತನೆಯ ಮನೆ ಮಹಾಶಂಖ. ನಮ್ಮ ಸಂಖ್ಯೆಯ ಮೊದಲ ಅಂಕ 1 ಕೂತಿರುವುದು ಅಲ್ಲಿ.

ಗೊಮ್ಮಟಸಾರ ಇಷ್ಟಕ್ಕೆ ಬಿಡುವುದಿಲ್ಲ. ಶ್ರುತವನ್ನು ಅಳೆಯುವ ಮಾನವಾದ ಒಂದು ಮಧ್ಯಮ ಪದಕ್ಕೆ 16348307888 ಅಕ್ಷರ. ಅದರಿಂದ ಶ್ರುತದ ಒಟ್ಟು ಅಕ್ಷರಗಳನ್ನು ಭಾಗಿಸಿದರೆ ದ್ವಾದಶಾಂಗಕ್ಕೆ, ಎಂದರೆ ಹನ್ನೆರಡು ಅಂಗಗ್ರಂಥಗಳಿಗೆ, 1128358005 ಪದಗಳು ಬರುತ್ತವೆ. ಪೂರ್ತಿ ಪದವಾಗಲು ಸಾಲದೆ ಉಳಿದ 80108175 ಅಕ್ಷರ ಅಂಗಬಾಹ್ಯಕ್ಕೆ, ಆ ಹನ್ನೆರಡರ ಹೊರಗಿನ ಗ್ರಂಥಗಳಿಗೆ. ಬದುವಿನ ಮೇಲೆ ಕೂತು ನಾನಿದನ್ನು ಗುಣಿಸಿ ನೋಡಿದೆ. ಪದಸಂಖ್ಯೆಯನ್ನು ಅಕ್ಷರಸಂಖ್ಯೆಯಿಂದ ಗುಣಿಸಿದರೆ 18446744073629443440. ಉಳಿಕೆಯನ್ನು ಕೂಡಿಸಿದೆ. ಕೊನೆಯ ಅಂಕ 5; ಅದರ ಹಿಂದೆ 1; ಅದರ ಹಿಂದೆ 6. ಎಡಕ್ಕೆ ಒಂದೊಂದೇ ಮನೆ ಸರಿಯುತ್ತ ಹೋದಂತೆ 18446744073709551615 ಪೂರ್ತಿ ಎದ್ದು ನಿಂತಿತು, ಒಂದು ಅಂಕವೂ ಆಚೀಚೆ ಇಲ್ಲ. ಸಾವಿರ ವರ್ಷದ ಹಿಂದೆ ಓಲೆಯ ಮೇಲೆ ಕಂಟದಿಂದ ಕೊರೆದು ಈ ಭಾಗಾಕಾರವನ್ನು ದಾಟಿಸಿದವರ ತಾಳ್ಮೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಅರವತ್ತನಾಲ್ಕರ ನಂಟು ಅಲ್ಲಿಗೇ ನಿಲ್ಲಲಿಲ್ಲ. ಯಲ್ಲಪ್ಪ ಶಾಸ್ತ್ರಿಗಳ ಪ್ರಯತ್ನದಿಂದ 1953ರಲ್ಲಿ ಅಚ್ಚಾದ ಸಿರಿಭೂವಲಯ ಎಂಬ ಗ್ರಂಥದಲ್ಲೂ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಗಳು, ಉದ್ದಗಲ 27 ಮನೆಗಳ ಚಕ್ರಗಳಲ್ಲಿ ಕೂತಿವೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮತ್ತೆ ಸಾಲಿಗೆ ಬರುತ್ತೇನೆ. ಒಂದೇ ಗಿಡದಲ್ಲಿ ಹೂವಿರುವ ಬೆಳಗು 64. ಎರಡರಲ್ಲಿ ಇರುವುದು 2016, ಮೂರರಲ್ಲಿ 41664. ಇದರ ಸೂತ್ರವನ್ನು ಸಾಮಾನ್ಯ ರೂಪದಲ್ಲಿ ಕೊಟ್ಟವನು ಮಹಾವೀರಾಚಾರ್ಯನೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ. ಮೇಲಿನಿಂದ ಇಳಿಯುವ ಸಂಖ್ಯೆಗಳನ್ನು ಗುಣಿಸು, ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸು. ಅವನ ಉದಾಹರಣೆ ಆರು ರಸಗಳದ್ದು: ಒಂದೊಂದಾಗಿ 6, ಎರಡೆರಡಾಗಿ 15, ಮುಂದೆ 20, 15, 6, 1, ಒಟ್ಟು 63. ಅರವತ್ತನಾಲ್ಕು ಗಿಡಕ್ಕೆ ಇದೇ ಕ್ರಮದಲ್ಲಿ ಹೋದರೆ ನಡುವೆ ಸಂಖ್ಯೆ ಉಬ್ಬುತ್ತದೆ. ಸರಿಯಾಗಿ ಮೂವತ್ತೆರಡು ಗಿಡ ಹೂವಿನಲ್ಲಿರುವ ಬೆಳಗುಗಳೇ 1832624140942590534, ಒಟ್ಟಿನ ಹತ್ತರಲ್ಲೊಂದು ಪಾಲಿನಷ್ಟು. ತುದಿಗೆ ಬಂದರೆ ತುಂಬು ಹೂವಿನ ಬೆಳಗು ಒಂದೇ ಒಂದು.

ಈಗ ಸಂಖ್ಯೆಯ ಮೈಯನ್ನೇ ಹತ್ತಿರದಿಂದ ನೋಡೋಣ. ಇಪ್ಪತ್ತು ಅಂಕಗಳು. 4 ನಾಲ್ಕು ಸಲ ಬರುತ್ತದೆ, ಎರಡು ಜೋಡಿಯಾಗಿ. 1, 5, 7 ಮೂರು ಮೂರು ಸಲ. 3, 8, 9 ಒಂದೊಂದೇ. 2 ಒಮ್ಮೆಯೂ ಇಲ್ಲ. ಎರಡನ್ನು ಎರಡರಿಂದ ಗುಣಿಸುತ್ತ ಹುಟ್ಟಿದ ಸಂಖ್ಯೆಯಲ್ಲಿ 2 ಎಂಬ ಅಂಕವೇ ಇಲ್ಲದಿರುವುದನ್ನು ಗಮನಿಸಲು ನನಗೆ ಬಹಳ ಕಾಲ ಹಿಡಿಯಿತು. ಇದಕ್ಕೆ ಆಳವಾದ ಕಾರಣವೇನೂ ಇಲ್ಲ, ನಾವು ಹತ್ತರ ಕಟ್ಟಿನಲ್ಲಿ ಬರೆಯುವುದರಿಂದ ಹಾಗಾಗಿದೆ. ಆದರೂ ಹಕ್ಕಿಯ ರೆಕ್ಕೆಯ ಚುಕ್ಕಿಯನ್ನು ಬರೆದಿಟ್ಟುಕೊಳ್ಳುವ ಹಾಗೆ ಇದನ್ನೂ ಬರೆದಿಟ್ಟುಕೊಂಡೆ. ಅಂಕಗಳ ಮೊತ್ತ 87. ಅದನ್ನು 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಆದ್ದರಿಂದ ಇಡೀ ಸಂಖ್ಯೆಗೂ ಹಾಗೆಯೇ. ಕೊನೆಯ ಅಂಕ 5, ಹಾಗಾಗಿ 5ಕ್ಕೂ ಮಣಿಯುತ್ತದೆ. 7ರಿಂದ ಭಾಗಿಸಿದರೆ 1 ಉಳಿಯುತ್ತದೆ, 11ರಿಂದ 4, 13ರಿಂದ 2. 17ಕ್ಕೆ ಶೇಷವೇ ಇಲ್ಲ.

3, 5, 17. ಈ ಮೂರರ ಹಿಂದೆ ಒಂದು ದಾರಿಯಿದೆ, ಅದನ್ನೂ ನೇಮಿಚಂದ್ರರ ಗ್ರಂಥಗಳಲ್ಲೇ ಕಾಣಬಹುದು. ದ್ವಿರೂಪವರ್ಗಧಾರೆ ಎಂದು ಅವರು ಕರೆಯುವ ಶ್ರೇಣಿ: ಎರಡರಿಂದ ಹೊರಟು ಪ್ರತಿ ಹೆಜ್ಜೆಗೂ ವರ್ಗ. 2, 4, 16, 256, 65536, 4294967296, ಆಮೇಲೆ 18446744073709551616. ಕೊನೆಯ ಮೂರಕ್ಕೆ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂದು ಹೆಸರೂ ಇಟ್ಟಿದ್ದಾರೆ. ಈ ಧಾರೆಯ ಪ್ರತಿ ಸಂಖ್ಯೆಗೂ ಒಂದು ಕೂಡಿಸಿ: 3, 5, 17, 257, 65537, 4294967297. ಇವನ್ನು ಒಂದಾದ ಮೇಲೊಂದು ಗುಣಿಸಿ. 3 ಐದಲಿ 15. ಅದನ್ನು 17ರಿಂದ ಗುಣಿಸಿದರೆ 255, 257ರಿಂದ ಗುಣಿಸಿದರೆ 65535, 65537ರಿಂದ 4294967295. ಪ್ರತಿ ಹೆಜ್ಜೆಯಲ್ಲೂ ಧಾರೆಯ ಮುಂದಿನ ಸಂಖ್ಯೆಗೆ ಒಂದು ಕಡಿಮೆ. ಕೊನೆಯದಾಗಿ 4294967297ರಿಂದ ಗುಣಿಸಿದರೆ ನಮ್ಮ ಸಂಖ್ಯೆ. ಒಂದು ಸಂಖ್ಯೆಯ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದರೆ ಅದರ ವರ್ಗಕ್ಕೆ ಒಂದು ಕಡಿಮೆ ಬರುತ್ತದೆ ಎಂಬ ಶಾಲೆಯ ಪಾಠವೊಂದೇ ಇಲ್ಲಿ ಐದು ಸಲ ನಡೆದಿದೆ.

ಈ ಆರರಲ್ಲಿ ಮೊದಲ ಐದೂ ಅವಿಭಾಜ್ಯ. ಆರನೆಯದೂ ಹಾಗೆಯೇ, ಮುಂದಿನವೆಲ್ಲವೂ ಹಾಗೆಯೇ ಎಂದು ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ನಂಬಿ ಬರೆದಿದ್ದ. ತೊಂಬತ್ತೆರಡು ವರ್ಷದ ಮೇಲೆ, 1732ರಲ್ಲಿ, ಲಿಯೊನಾರ್ಡ್ ಆಯ್ಲರ್ ಅದನ್ನು ಒಡೆದ: 4294967297 ಎಂದರೆ 641 ಗುಣಿಸು 6700417. ಒಡೆದ ರೀತಿ ಚಿರತೆಯ ಜಾಡು ಹಿಡಿಯುವವರ ರೀತಿ. ಅವರು ಕಾಡೆಲ್ಲ ಅಲೆಯುವುದಿಲ್ಲ, ಅದು ಹಾಯಲೇಬೇಕಾದ ಕಡೆ ಮಾತ್ರ ನೋಡುತ್ತಾರೆ. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವನ್ನಾದರೂ 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಇದನ್ನು ಆಯ್ಲರ್ ಮುಂದೆ ಸಾಧಿಸಿಯೂ ತೋರಿಸಿದ. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದರಲ್ಲೇ ಸಿಕ್ಕಿತು. ಅರವತ್ತನಾಲ್ಕು ಇಲ್ಲೂ ಬಂದು ನಿಂತಿದ್ದನ್ನು ಮೊದಲ ಸಲ ಗಮನಿಸಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊಲದ ಸುತ್ತ ಒಂದು ಸುತ್ತು ಹಾಕಿ ಬಂದೆ.

641 ಭಾಗಿಸುತ್ತದೆ ಎಂಬುದನ್ನು ದೊಡ್ಡ ಭಾಗಾಕಾರ ಮಾಡದೆಯೇ ನೋಡಬಹುದು. 641ಕ್ಕೆ ಎರಡು ಗುರುತುಗಳಿವೆ. ಅದು 5 × 128 + 1. ಅದೇ 625 + 16 ಕೂಡ, ಎಂದರೆ ಐದರ ನಾಲ್ಕನೆಯ ಘಾತಕ್ಕೆ ಎರಡರ ನಾಲ್ಕನೆಯ ಘಾತ ಕೂಡಿಸಿದ್ದು. 641ರ ಲೆಕ್ಕದಲ್ಲಿ 5 × 128 ಎಂಬುದು ಋಣ ಒಂದಕ್ಕೆ ಸಮ. ಅದರ ನಾಲ್ಕನೆಯ ಘಾತ ಧನ ಒಂದು. ಎಂದರೆ 625 ಗುಣಿಸು ಎರಡರ 28ನೆಯ ಘಾತ. ಆ 625ರ ಜಾಗದಲ್ಲಿ ಋಣ 16 ಇಡಿ. ಋಣ ಎರಡರ 32ನೆಯ ಘಾತ ಒಂದಕ್ಕೆ ಸಮವಾಯಿತು. ಎಂದರೆ ಎರಡರ 32ನೆಯ ಘಾತ ಋಣ ಒಂದು, ಅದಕ್ಕೆ ಒಂದು ಕೂಡಿಸಿದ 4294967297ಕ್ಕೆ ಶೇಷ ಸೊನ್ನೆ.

ಹೀಗೆ ನಮ್ಮ ಸಂಖ್ಯೆಯ ಮೂಲಗಳು ಏಳು: 3, 5, 17, 257, 641, 65537, 6700417. ಯಾವುದೂ ಎರಡು ಸಲ ಬರುವುದಿಲ್ಲ. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಬೇಕೆಂದರೆ ಈ ಏಳರಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬೇಕು ಇಲ್ಲವೇ ಬಿಡಬೇಕು. ಒಟ್ಟು ಭಾಜಕಗಳು 128, ಎರಡರ ಏಳನೆಯ ಘಾತ. ಆಯ್ಕೆಗಳಿಂದ ಹುಟ್ಟಿದ ಸಂಖ್ಯೆಯ ಒಳಗೂ ಅದೇ ಇದೆ–ಇಲ್ಲ ಎಂಬ ಸಾಲು, ಏಳು ಗಿಡದ ಪುಟ್ಟ ಸಾಲು.

ಅಕ್ಕಪಕ್ಕದವರನ್ನೂ ನೋಡದೆ ಒಂದು ಜೀವಿಯ ಟಿಪ್ಪಣಿ ಪೂರ್ತಿಯಾಗುವುದಿಲ್ಲ. ಒಂದು ಹೆಜ್ಜೆ ಮುಂದಿನ ಏಕಟ್ಠಿಯಲ್ಲಿ ಎರಡಲ್ಲದೆ ಬೇರೆ ಯಾವ ಅವಿಭಾಜ್ಯವೂ ಇಲ್ಲ. ಅದರಾಚೆಯ 18446744073709551617 ಧಾರೆಗೆ ಒಂದು ಕೂಡಿಸಿದ ಏಳನೆಯ ಸಂಖ್ಯೆ. ಅದನ್ನು 1880ರಲ್ಲಿ ಫಾರ್ಚುನೆ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞ ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ, ಯಂತ್ರದ ನೆರವಿಲ್ಲದೆ ಒಡೆದ: 274177 ಗುಣಿಸು 67280421310721. ಇವೆರಡೂ 64ರಿಂದ ಭಾಗಿಸಿದರೆ 1 ಉಳಿಸುವಂಥವೇ. ಅಲ್ಲಿಂದ ಮುಂದಕ್ಕೆ ಹೋದಷ್ಟೂ ಫರ್ಮಾನ ನಂಬಿಕೆಗೆ ಬೆಂಬಲ ಸಿಕ್ಕಿಲ್ಲ. ಎರಡಕ್ಕೆ ಒಂದು ಕೂಡಿಸಿ ಬಂದ 3ನ್ನು ಸೊನ್ನೆಯನೆಯದೆಂದು ಎಣಿಸಿದರೆ, ಐದನೆಯದರಿಂದ ಮೂವತ್ತೆರಡನೆಯದರವರೆಗೆ ಎಲ್ಲವೂ ಒಡೆಯುವ ಸಂಖ್ಯೆಗಳೆಂದು ಗೊತ್ತಾಗಿದೆ. ಮೂವತ್ತಮೂರನೆಯದನ್ನು ಬರೆದರೆ 258 ಕೋಟಿಗೂ ಹೆಚ್ಚು ಅಂಕಗಳಾಗುತ್ತವೆ. ಅದು ಒಡೆಯುತ್ತದೆಯೋ ಇಲ್ಲವೋ ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ.